ಹಳೆಯ ಹೊಗೆಸೊಪ್ಪಿಗೆ ಮತ್ತೆ ಹದ: ಒಣಗಿದ ಪೈಪ್ ತಂಬಾಕನ್ನು ಉಳಿಸಿಕೊಂಡು ಸವಿಯುವ ಬಗೆ

ಹಳೆಯ ಪೈಪ್ ತಂಬಾಕಿನ ಡಬ್ಬಿ ಕೈಸೇರುವುದು ಸಾಮಾನ್ಯವಾಗಿ ಎರಡು ದಾರಿಯಲ್ಲಿ. ಹಿರಿಯರು ಯಾರೋ ಬಿಟ್ಟುಹೋದ ಪೆಟ್ಟಿಗೆಯ ತಳದಲ್ಲಿ ಸಿಗುತ್ತದೆ, ಇಲ್ಲವೇ ಹತ್ತು ವರ್ಷದ ಹಿಂದೆ ನೀವೇ ಕೊಂಡು, ಕಪಾಟಿನ ಮೂಲೆಗೆ ತಳ್ಳಿ, ಮರೆತದ್ದಾಗಿರುತ್ತದೆ. ಮುಚ್ಚಳ ತೆಗೆದರೆ ಒಳಗೆ ತರಗೆಲೆಯಂಥ ಸೊಪ್ಪು, ಮುಟ್ಟಿದರೆ ಪುಡಿ. ಆಗ ಕೆಲವರು ಕೆಟ್ಟುಹೋಯಿತೆಂದು ಕಸಕ್ಕೆ ಸುರಿಯುತ್ತಾರೆ, ಇನ್ನು ಕೆಲವರು ಅಯ್ಯೋ ಒಣಗಿದೆಯಲ್ಲ ಎಂದು ಮೇಲೆ ನೀರು ಚಿಮುಕಿಸುತ್ತಾರೆ. ನಾನು ಎರಡನ್ನೂ ಮಾಡಿದ್ದೇನೆ. ಹೆಚ್ಚು ಹೊಟ್ಟೆ ಉರಿಸಿದ್ದು ಎರಡನೆಯದು. ಇಪ್ಪತ್ತು ವರ್ಷ ಯಾರ ಕೈಗೂ ಸಿಗದೆ ಮಾಗಿದ್ದ ವರ್ಜೀನಿಯಾ ಫ್ಲೇಕ್ (ವರ್ಜೀನಿಯಾ ಎಂಬ ಜಾತಿಯ ಎಲೆಯನ್ನು ಒತ್ತಿ ಹಾಳೆಯಂತೆ ಕತ್ತರಿಸಿದ ತಂಬಾಕು), ನನ್ನ ಅರ್ಧ ಗಂಟೆಯ ಅವಸರಕ್ಕೆ ಸಿಕ್ಕಿ ವಾರದೊಳಗೆ ಬೂಷ್ಟು ಹಿಡಿಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು.

ಒಣಗಿದ ತಂಬಾಕನ್ನು ಹದಕ್ಕೆ ತರಬಹುದು. ಬೂಷ್ಟು ಹಿಡಿದದ್ದನ್ನು ಬ್ರಹ್ಮ ಬಂದರೂ ಉಳಿಸಲಾರ. ಕೆಳಗಿನ ಹೆಜ್ಜೆಗಳೆಲ್ಲ ಮೊದಲನೆಯದನ್ನು ಎರಡನೆಯದಾಗಿ ಮಾಡದಿರುವ ಉಪಾಯಗಳು. ಬರೆಯುತ್ತಿರುವುದು ಈಗಾಗಲೇ ಪೈಪ್ ಸೇದುವ ವಯಸ್ಕರಿಗೆ. ಅಭ್ಯಾಸವಿಲ್ಲದವರು ಇದನ್ನು ಓದಿ ಶುರುಮಾಡಬೇಕಾಗಿಲ್ಲ.

ಡಬ್ಬಿ ತೆರೆಯುವ ಮುನ್ನ

ಮುಚ್ಚಿದ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಒಳಗಿನದು ಮೆತ್ತಗೆ ದಪ್ ಎಂದರೆ ತೇವ ಉಳಿದಿದೆ. ಮರಳಿನಂತೆ ಸರಸರ ಸದ್ದು ಬಂದರೆ ಗಾಳಿ ಎಂದೋ ಒಳಹೊಕ್ಕಿದೆ. ದುಂಡನೆಯ ಡಬ್ಬಿಗಳು ನಿರ್ವಾತವನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತವೆ. ಚೌಕ ಮತ್ತು ಆಯತಾಕಾರದ ಚಪ್ಪಟೆ ಡಬ್ಬಿಗಳಲ್ಲಿ ಮೂಲೆಗಳೇ ದುರ್ಬಲ. ಹೊರಗಿನ ತುಕ್ಕು ಹೆಚ್ಚಿನ ಸಲ ಬರೀ ತೋರಿಕೆಯದು. ಆದರೆ ತಳದಲ್ಲಿ ಸೂಜಿಮೊನೆಯಷ್ಟು ರಂಧ್ರ ಬಿದ್ದಿದೆಯೇ ಎಂದು ಬೆಳಕಿನಲ್ಲಿ ತಿರುಗಿಸಿ ನೋಡಿ. ಮುಚ್ಚಳ ಸ್ವಲ್ಪ ಉಬ್ಬಿದ್ದರೆ ಹೆದರಬೇಡಿ, ಒಳಗೆ ಸೊಪ್ಪು ಹುದುಗುವಾಗ ಅನಿಲ ಹುಟ್ಟಿ ಹಾಗಾಗುವುದುಂಟು. ತೀರ್ಮಾನ ಮೂಗಿನದು.

ವಯಸ್ಸು ತಿಳಿಯಬೇಕೆಂಬ ಕುತೂಹಲ ಸಹಜ. ಅಂಗಡಿಗಳಲ್ಲಿ ಬಾರ್‌ಕೋಡ್ ಬಳಕೆಗೆ ಬಂದದ್ದು 1974ರಲ್ಲಿ. ಡಬ್ಬಿಯ ಮೇಲೆ ಅದಿದ್ದರೆ ಅದಕ್ಕಿಂತ ಹಳೆಯದಲ್ಲ ಎಂದಾಯಿತು. ಅಮೆರಿಕದ ಕಾನ್ಸಾಸ್ ಸಿಟಿಯ ಮೆಕ್‌ಕ್ಲೆಲ್ಯಾಂಡ್ ಕಂಪನಿ 2018ರಲ್ಲಿ ಬಾಗಿಲು ಮುಚ್ಚಿತು, ಹಾಗಾಗಿ ಅದರ ಯಾವ ಡಬ್ಬಿಯೂ ಅದಕ್ಕಿಂತ ಹೊಸದಿರಲಾರದು. ಡನ್‌ಹಿಲ್ ಹೆಸರಿನ ಮಿಶ್ರಣಗಳೂ ಅದೇ ಸುಮಾರಿಗೆ ನಿಂತು, ಬಳಿಕ ಪೀಟರ್ಸನ್ ಹೆಸರಿನಲ್ಲಿ ಬರತೊಡಗಿದವು. ಇಷ್ಟು ಸಾಕು. ಡಬ್ಬಿಯ ವಯಸ್ಸಿಗೆ ಕೈಮುಗಿದು ಕೂರುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ. ಹಳೆಯದೆಲ್ಲ ಚೆನ್ನಾಗಿರುತ್ತದೆ ಎಂಬ ನಿಯಮವೇನೂ ಇಲ್ಲ.

ನಿರ್ವಾತ ಬಿಗಿಯಾಗಿದ್ದರೆ ಮುಚ್ಚಳದ ಅಂಚಿಗೆ ಅಗಲವಾದ ನಾಣ್ಯವನ್ನೋ ಚಮಚದ ಹಿಡಿಯನ್ನೋ ತೂರಿಸಿ ತಿರುಚಿ. ಉಸ್ ಎಂಬ ಸದ್ದು ಕೇಳಿದರೆ ಅದೃಷ್ಟವಂತರು ನೀವು. ಮುಂದಿನ ಅರ್ಧದಷ್ಟು ಕೆಲಸ ತಪ್ಪಿತು.

ಹರಳೋ ಬೂಷ್ಟೋ

ಇಲ್ಲಿ ಆತುರ ಬೇಡ, ಚೆನ್ನಾಗಿ ಬೆಳಕಿರುವ ಕಡೆ ಕುಳಿತುಕೊಳ್ಳಿ. ಮಾಗಿದ ವರ್ಜೀನಿಯಾದ ಮೇಲೆ ಬಿಳಿಯ ಕಣಗಳು ಕಾಣುವುದು ಸಾಮಾನ್ಯ. ಅವು ಬಹುಮಟ್ಟಿಗೆ ಸಕ್ಕರೆಯಂಥ ಹರಳುಗಳು, ಅಂದರೆ ಸೊಪ್ಪು ಚೆನ್ನಾಗಿ ಮಾಗಿದೆ ಎನ್ನುವುದರ ಗುರುತು. ಇದನ್ನು ಬೂಷ್ಟೆಂದು ತಿಳಿದು ಒಳ್ಳೆಯ ತಂಬಾಕನ್ನು ಎಸೆದವರ ಸಂಖ್ಯೆ ದೊಡ್ಡದಿರಬೇಕು. ಅವರಲ್ಲಿ ನಾನೂ ಒಬ್ಬ.

ಒಂದು ಭೂತಗನ್ನಡಿ ಹಿಡಿದು ನೋಡಿ. ಹರಳಾದರೆ ಬೆಳಕಿಗೆ ಓರೆ ಮಾಡಿದಾಗ ಮಿನುಗುತ್ತದೆ, ಎಲೆಯ ಮೈಗೆ ಅಂಟಿಕೊಂಡೇ ಇರುತ್ತದೆ. ಬೂಷ್ಟಾದರೆ ಮಿನುಗುವುದಿಲ್ಲ; ನೂಲಿನಂತೆ, ಜೇಡರ ಬಲೆಯಂತೆ ಎಲೆಯಿಂದ ಎಲೆಗೆ ಹಬ್ಬಿರುತ್ತದೆ ಅಥವಾ ಹತ್ತಿಯ ಹಾಗೆ ನವಿರಾಗಿ ಎದ್ದಿರುತ್ತದೆ. ಬಣ್ಣ ಬಿಳಿ, ಬೂದು, ಹಸಿರು ಏನೂ ಇರಬಹುದು. ಇನ್ನೂ ಅನುಮಾನವಿದ್ದರೆ ಒಂದು ಚೂರನ್ನು ಬೇರೆ ತೆಗೆದು ಬಿಸಿನೀರಿನ ಒಂದು ಹನಿ ಬಿಡಿ. ಹರಳು ಕರಗುತ್ತದೆ, ಬೂಷ್ಟು ಒದ್ದೆಯಾಗಿ ಅಲ್ಲೇ ಕೂರುತ್ತದೆ.

ವಾಸನೆಯ ವಿಷಯದಲ್ಲಿ ಸ್ವಲ್ಪ ಉದಾರವಾಗಿರಿ. ವರ್ಷಗಟ್ಟಲೆ ಮುಚ್ಚಿದ್ದ ಡಬ್ಬಿ ತೆರೆದ ತಕ್ಷಣ ಹುಳಿ, ಹುದುಗಿನ ವಾಸನೆ, ಕೆಲವೊಮ್ಮೆ ಅಮೋನಿಯಾದ ಘಾಟು ಬರುತ್ತದೆ. ಮೆಕ್‌ಕ್ಲೆಲ್ಯಾಂಡ್‌ನ ವರ್ಜೀನಿಯಾಗಳಂತೂ ಟೊಮೆಟೊ ಸಾಸಿನ ವಾಸನೆಗೇ ಹೆಸರಾದವು. ಇವೆಲ್ಲ ಗಾಳಿಗೆ ಹೋಗುತ್ತವೆ. ಹೋಗದೆ ಉಳಿಯುವುದು ಮುಗ್ಗಲು ವಾಸನೆ, ಮಳೆಗಾಲದಲ್ಲಿ ಒಣಗದ ಬಟ್ಟೆಯ ವಾಸನೆ. ಅದು ಬಂದರೆ ಬೂಷ್ಟು ಕಣ್ಣಿಗೆ ಕಾಣದಿದ್ದರೂ ಒಳಗೆಲ್ಲೋ ಇದೆ.

ಬೂಷ್ಟು ಖಚಿತವಾದರೆ ಮೇಲಿನದನ್ನು ಕೆರೆದು ಕೆಳಗಿನದನ್ನು ಉಳಿಸಿಕೊಳ್ಳುವ ಜಾಣತನ ಬೇಡ. ಬೂಷ್ಟಿನ ಕಣಗಳು ಇಡೀ ಡಬ್ಬಿಯಲ್ಲಿ ಹರಡಿರುತ್ತವೆ, ಅದರ ಹೊಗೆ ಎಳೆಯುವುದು ಅಪಾಯ. ಮೂಗನ್ನು ಒಳಗಿಟ್ಟು ಮೂಸದೆ ಹಾಗೆಯೇ ಚೀಲಕ್ಕೆ ಹಾಕಿ ಕಟ್ಟಿ ಎಸೆಯಿರಿ. ಡಬ್ಬಿಯ ಒಳಗಿನ ತುಕ್ಕು ತಗುಲಿದ ಎಲೆಗಳನ್ನು ಮಾತ್ರ ಬೇರ್ಪಡಿಸಿದರೆ ಸಾಕು, ಅದಕ್ಕಾಗಿ ಎಲ್ಲವನ್ನೂ ಬಿಸಾಡಬೇಕಾಗಿಲ್ಲ.

ಯಾವ ಎಲೆಯಿಂದ ಏನನ್ನು ನಿರೀಕ್ಷಿಸಬಹುದು

ಬಿಸಿಗಾಳಿಯ ಕೊಟ್ಟಿಗೆಯಲ್ಲಿ ಹದ ಮಾಡುವ ವರ್ಜೀನಿಯಾ ಎಲೆ ಹಳದಿಗೆ ತಿರುಗುವಾಗ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲಿನ ಬಿಸಿ ಆ ಸಕ್ಕರೆಯನ್ನು ಎಲೆಯಲ್ಲೇ ನಿಲ್ಲಿಸುತ್ತದೆ. ಮುಚ್ಚಿದ ಡಬ್ಬಿಯಲ್ಲಿ ವರ್ಷಗಳ ಕಾಲ ನಿಧಾನವಾಗಿ ಬದಲಾಗುವುದು ಇದೇ. ಎಲೆ ಕಪ್ಪಾಗುತ್ತದೆ, ಎಳೆಯದರಲ್ಲಿದ್ದ ಹುಲ್ಲಿನ ವಾಸನೆ ಹೋಗಿ ಒಣ ಹಣ್ಣಿನ ಸಿಹಿ ಬರುತ್ತದೆ. ಐದು ವರ್ಷಕ್ಕೆ ವ್ಯತ್ಯಾಸ ಗೊತ್ತಾಗುತ್ತದೆ, ಹತ್ತಕ್ಕೆ ಬೇರೆಯೇ ತಂಬಾಕು. ಅಮೆರಿಕದ ಲೂಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಷ್‌ನಲ್ಲಿ ಪೀಪಾಯಿಗಳಲ್ಲಿ ಒತ್ತಿ ಹುದುಗಿಸುವ ಪೆರಿಕ್ ಎಲೆ ವರ್ಜೀನಿಯಾದ ಜೊತೆ ಸೇರಿದ್ದರೆ ಆ ಜೋಡಿ ಇನ್ನೂ ಚೆನ್ನಾಗಿ ಮಾಗುತ್ತದೆ. ಹಳೆಯ ಡಬ್ಬಿಗಳಲ್ಲಿ ನಾನು ಮೊದಲು ಕೈಹಾಕುವುದು ಇವುಗಳಿಗೇ.

ನೆರಳಿನ ಗಾಳಿಯಲ್ಲಿ ಒಣಗಿಸುವ ಬರ್ಲಿಯಲ್ಲಿ ಸಕ್ಕರೆ ಬಹಳ ಕಡಿಮೆ, ಹಾಗಾಗಿ ಮಾಗಿದರೂ ಗುಣ ಅಷ್ಟಾಗಿ ಬದಲಾಗದು. ಸಿರಿಯಾದ ಬಂದರಿನ ಹೆಸರು ಹೊತ್ತ, ಸೌದೆಯ ಹೊಗೆಯಲ್ಲಿ ಹದಗೊಳಿಸಿದ ಲಟಾಕಿಯಾದ ಕಥೆಯೇ ಬೇರೆ: ವಯಸ್ಸಾದಂತೆ ಅದರ ಹೊಗೆಯ ಮೊನಚು ಮೊಂಡಾಗುತ್ತದೆ. ಕೆಲವರಿಗೆ ಅದು ಇಷ್ಟ. ನನಗೆ ಹದಿನೈದು ವರ್ಷದ ಲಟಾಕಿಯಾ ಮಿಶ್ರಣ ಆರಿದ ಒಲೆಯ ಮುಂದೆ ಕೂತಂತೆ ಅನ್ನಿಸುತ್ತದೆ.

ವೆನಿಲ್ಲಾ, ಚೆರ್ರಿ ಮುಂತಾದ ಪರಿಮಳ ಬೆರೆಸಿದ ಮಿಶ್ರಣಗಳ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಹಾಕಿದ ಪರಿಮಳ ಹಾರಿಹೋಗಿರುತ್ತದೆ. ವಿಚಿತ್ರವೆಂದರೆ ಇವು ಎಷ್ಟೋ ಸಲ ಒಣಗಿಯೇ ಇರುವುದಿಲ್ಲ. ತೇವ ಹಿಡಿದಿಡಲು ಸೇರಿಸುವ ಪ್ರೊಪಿಲೀನ್ ಗ್ಲೈಕಾಲ್ ಸೊಪ್ಪನ್ನು ವರ್ಷಾನುಗಟ್ಟಲೆ ಅಂಟಂಟಾಗಿಯೇ ಇಟ್ಟಿರುತ್ತದೆ.

ನೀರು ಎಷ್ಟು, ಹೇಗೆ

ಡಬ್ಬಿಯಿಂದ ಹೊಸದಾಗಿ ಬರುವ ತಂಬಾಕಿನಲ್ಲಿ ತೇವಾಂಶ ಸಾಮಾನ್ಯವಾಗಿ ಶೇಕಡಾ 15ರಿಂದ 20. ಸೇದಲು ಹಿತವಾದ ಹದ ಶೇಕಡಾ 12–14ರ ಆಸುಪಾಸು. ಹಾಗಾಗಿ ಡಬ್ಬಿಯ ಹೊಸತನವನ್ನು ಮರಳಿ ತರಲು ಹೆಣಗುವುದೇ ದಂಡ. ಅಷ್ಟು ತೇವ ಕೊಟ್ಟರೆ ಸೇದುವ ಮುನ್ನ ಮತ್ತೆ ಆರಿಸಬೇಕು. ಈಗ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. 50 ಗ್ರಾಂ ಒಣ ಸೊಪ್ಪು ಶೇಕಡಾ 6–7ರ ತೇವದಿಂದ 13ಕ್ಕೆ ಏರಲು ಬೇಕಾಗುವ ನೀರು ಮೂರೂವರೆ, ನಾಲ್ಕು ಗ್ರಾಂ. ಒಂದು ಟೀ ಚಮಚ ಕೂಡ ತುಂಬುವುದಿಲ್ಲ! ನಾನು ಸ್ಪ್ರೇ ಬಾಟಲಿ ಹಿಡಿದು ಎಷ್ಟು ಸುರಿದಿದ್ದೆನೋ ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಆದ್ದರಿಂದ ಮೊದಲು ತಕ್ಕಡಿ. ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಸೊಪ್ಪನ್ನು ತೂಗಿ, ತೂಕವನ್ನು ಬರೆದಿಡಿ. ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದ್ದರೆ ಆ ತೂಕ ನೂರಕ್ಕೆ ಏಳರಷ್ಟು ಹೆಚ್ಚಾದಾಗ ನಿಲ್ಲಿಸಬೇಕು. ಅರೆಬರೆ ಒಣಗಿದ್ದರೆ ಅದಕ್ಕೂ ಮೊದಲೇ.

ನೀರು ಭಟ್ಟಿ ಇಳಿಸಿದ್ದಾಗಿರಲಿ. ನಲ್ಲಿಯ ನೀರಿನ ಕ್ಲೋರಿನ್ ವಾಸನೆಯನ್ನು ತಂಬಾಕು ಸಂತೋಷದಿಂದ ಹೀರಿಕೊಳ್ಳುತ್ತದೆ, ಆಮೇಲೆ ಬಿಟ್ಟುಕೊಡುವುದಿಲ್ಲ.

ನನಗೆ ಅತ್ಯಂತ ನೆಮ್ಮದಿ ಕೊಟ್ಟ ದಾರಿ ತೇವಾಂಶದ ಪೊಟ್ಟಣ. ಬೋವೆಡಾ ಮುಂತಾದ ಹೆಸರುಗಳಲ್ಲಿ ಸಿಗುವ ಇವು ಎರಡೂ ದಿಕ್ಕಿಗೆ ಕೆಲಸ ಮಾಡುತ್ತವೆ: ಒಳಗಿನ ಗಾಳಿ ಒಣಗಿದ್ದರೆ ತೇವ ಕೊಡುತ್ತವೆ, ಹೆಚ್ಚಾದರೆ ಹೀರಿಕೊಳ್ಳುತ್ತವೆ. 62 ಅಥವಾ 65 ಎಂದು ಗುರುತು ಹಾಕಿದ್ದನ್ನು ಆರಿಸಿಕೊಳ್ಳಿ (ಈ ಅಂಕಿ ಜಾಡಿಯೊಳಗಿನ ಗಾಳಿಯ ತೇವದ ಶೇಕಡಾವಾರು, ಸೊಪ್ಪಿನದಲ್ಲ). ಅದಕ್ಕಿಂತ ಮೇಲಿನವು ಸಿಗಾರಿನವರಿಗೆ. ಸೊಪ್ಪನ್ನು ಗಾಜಿನ ಜಾಡಿಗೆ ಸಡಿಲವಾಗಿ ಹಾಕಿ, ಪೊಟ್ಟಣವನ್ನು ಮೇಲಿಟ್ಟು, ಮುಚ್ಚಿ, ಮರೆತುಬಿಡಿ. ಎರಡು ದಿನಕ್ಕೊಮ್ಮೆ ಜಾಡಿಯನ್ನು ಒಮ್ಮೆ ತಿರುಗಿಸಿದರೆ ಸಾಕು. ಒಂದರಿಂದ ಮೂರು ವಾರ ಬೇಕಾಗಬಹುದು. ಪೊಟ್ಟಣ ಗಟ್ಟಿಯಾದರೆ ಅದರ ನೀರು ಮುಗಿಯಿತೆಂದು ಅರ್ಥ, ಬದಲಾಯಿಸಿ.

ಪೊಟ್ಟಣ ಇಲ್ಲದಿದ್ದರೆ ಬಟ್ಟೆಯ ದಾರಿ. ಅಗಲವಾದ ಗಾಜಿನ ಅಥವಾ ಪಿಂಗಾಣಿ ಬಟ್ಟಲಿನಲ್ಲಿ ಸೊಪ್ಪನ್ನು ತೆಳ್ಳಗೆ ಹರಡಿ. ಸೋಪಿನ ವಾಸನೆ ಇಲ್ಲದ ಹತ್ತಿ ಬಟ್ಟೆಯನ್ನು ಅದ್ದಿ, ಹನಿ ಬೀಳದಷ್ಟು ಹಿಂಡಿ, ಬಟ್ಟಲಿನ ಬಾಯಿಗೆ ಬಿಗಿಯಾಗಿ ಕಟ್ಟಿ. ಬಟ್ಟೆ ಸೊಪ್ಪಿಗೆ ತಾಗಬಾರದು. ಎರಡು ಗಂಟೆಗೊಮ್ಮೆ ಬಿಚ್ಚಿ, ಕೈಯಾಡಿಸಿ, ತೂಗಿ. ರಾತ್ರಿಯಿಡೀ ಹೀಗೆ ಬಿಟ್ಟು ಮಲಗುವವರು ಬೆಳಗ್ಗೆ ಎದ್ದು ನನ್ನ ಹಾಗೆ ಪಶ್ಚಾತ್ತಾಪ ಪಡುತ್ತಾರೆ. ನೀರಿನಲ್ಲಿ ನೆನೆಸಿ ಒರೆಸಿದ ಮಣ್ಣಿನ ಬಿಲ್ಲೆಯನ್ನು ಜಾಡಿಯಲ್ಲಿಟ್ಟರೂ ಆಗುತ್ತದೆ, ಆದರೆ ಕೆಲಸ ಮುಗಿದ ದಿನವೇ ತೆಗೆಯಬೇಕು.

ಕುದಿಯುವ ನೀರಿನ ಹಬೆಗೆ ಹಿಡಿದರೆ ಹತ್ತೇ ನಿಮಿಷದಲ್ಲಿ ಎಲೆ ಮೆತ್ತಗಾಗುವುದು ನಿಜ. ಆದರೆ ಬಿಸಿಗೆ ಉಳಿದಿದ್ದ ಪರಿಮಳವೂ ಎದ್ದು ಹೋಗುತ್ತದೆ. ಸೇಬಿನ ಅಥವಾ ಆಲೂಗಡ್ಡೆಯ ಚೂರನ್ನು ಡಬ್ಬಿಯಲ್ಲಿಡುವ ಹಳೆಯ ಸಲಹೆಯಂತೂ ಬೂಷ್ಟಿಗೆ ಕೊಡುವ ಆಮಂತ್ರಣ. ದಯವಿಟ್ಟು ಬೇಡ.

ಎಲೆಯನ್ನು ಹೇಗೆ ಕತ್ತರಿಸಿದ್ದಾರೆ ಎಂಬುದನ್ನೂ ಗಮನಿಸಿ. ಎಳೆ ಎಳೆಯಾಗಿ ಕತ್ತರಿಸಿದ ರಿಬ್ಬನ್ ಬೇಗ ತೇವ ಹಿಡಿಯುತ್ತದೆ. ಒತ್ತಿ ಹಾಳೆಯಂತೆ ಕತ್ತರಿಸಿದ ಫ್ಲೇಕನ್ನು ಒಣಗಿರುವಾಗ ಬಿಡಿಸಲು ಹೋಗಬೇಡಿ, ಹೊಟ್ಟಾಗುತ್ತದೆ. ಇಡಿಯಾಗಿಯೇ ತೇವಕ್ಕೆ ಬಿಡಿ. ಇಟ್ಟಿಗೆಯಂಥ ಪ್ಲಗ್ ಇದ್ದರೆ ತಿಂಗಳು ಕಾಯುವ ಮನಸ್ಸಿರಲಿ. ಹೊರಮೈ ಮೆತ್ತಗಾಗಿ ಒಳಗು ಕಲ್ಲಾಗಿಯೇ ಉಳಿಯುವುದು ಅದರ ಚಾಳಿ.

ಹದ ಬಂತೋ ಇಲ್ಲವೋ ತಿಳಿಯಲು ಕೊನೆಗೆ ಬೆರಳೇ ಪ್ರಮಾಣ. ಒಂದು ಚಿಟಿಕೆ ತೆಗೆದು ಒತ್ತಿ ಬಿಡಿ. ಉಂಡೆಯಾಗಿ ಉಳಿದರೆ ತೇವ ಹೆಚ್ಚು. ಮುರಿದು ಉದುರಿದರೆ ಕಡಿಮೆ. ಒತ್ತಿದಾಗ ಕೂಡಿಕೊಂಡು, ಬಿಟ್ಟಾಗ ನಿಧಾನವಾಗಿ ಬಿಚ್ಚಿಕೊಂಡರೆ ನಿಲ್ಲಿಸಿ.

ವಿಶ್ರಾಂತಿ ಮತ್ತು ಜಾಡಿ

ತೇವ ಹೀರಿದ ಸೊಪ್ಪನ್ನು ಅಂದೇ ಪೈಪಿಗೆ ತುಂಬಿದರೆ ರುಚಿ ಸಪ್ಪೆ. ತೇವ ಎಲೆಯ ಮೇಲ್ಮೈಯಲ್ಲೇ ಇರುತ್ತದೆ, ಒಳಗಿಳಿದಿರುವುದಿಲ್ಲ. ಗಾಳಿಯಾಡದ ಮುಚ್ಚಳವಿರುವ ಗಾಜಿನ ಜಾಡಿಯಲ್ಲಿ ಹತ್ತು ಹದಿನೈದು ದಿನ ಕತ್ತಲಲ್ಲಿಡಿ. ಮೊದಲ ವಾರ ಎರಡು ದಿನಕ್ಕೊಮ್ಮೆ ತೆರೆದು ಮೂಸಿ ನೋಡಿ. ಏನಾದರೂ ಎಡವಟ್ಟಾಗುವುದಿದ್ದರೆ ಮುಗ್ಗಲು ವಾಸನೆ ಈ ಹೊತ್ತಿಗೇ ಕಾಣಿಸಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲ ನಾಲ್ಕು ದಿನದ ಮಟ್ಟಿಗೆ ಸರಿ, ಅದರಾಚೆ ಗಾಳಿ ಒಳನುಸುಳುತ್ತದೆ. ಜಾಡಿಯ ಮೇಲೆ ತಂಬಾಕಿನ ಹೆಸರು, ತೆರೆದ ದಿನ, ತೂಕ ಬರೆದ ಚೀಟಿ ಅಂಟಿಸಿ. ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಎಟುಕದ ಕಡೆ ಇಡಿ: ತಂಬಾಕು ನುಂಗಿದರೆ ನಿಕೋಟಿನ್ ವಿಷವಾಗುತ್ತದೆ.

ಡಬ್ಬಿಯಲ್ಲಿ ತೇವ ಉಳಿದೇ ಇದ್ದ ತಂಬಾಕಿಗೆ ಇಷ್ಟೆಲ್ಲ ಉಪಚಾರ ಬೇಕಿಲ್ಲ. ತಟ್ಟೆಯಲ್ಲಿ ಒಂದೆರಡು ಗಂಟೆ ಹರಡಿ ಗಾಳಿ ಕುಡಿಸಿ, ಜಾಡಿಗೆ ತುಂಬಿ. ತುಂಬ ಹಳೆಯವು ತೆರೆದ ಮೇಲೆ ಬೇಗ ಇಳಿಯುತ್ತವೆ, ಹಾಗಾಗಿ ಕೆಲವು ತಿಂಗಳೊಳಗೆ ಮುಗಿಸುವುದು ಲೇಸು. ಹಬ್ಬಕ್ಕೆಂದು ಎತ್ತಿಟ್ಟು ಮತ್ತೆ ಒಣಗಿಸಿದವರ ಪಟ್ಟಿಯಲ್ಲೂ ನನ್ನ ಹೆಸರಿದೆ.

ಪೈಪಿಗೆ ತುಂಬಿ, ನಿಧಾನವಾಗಿ

ಹಳೆಯ ತಂಬಾಕಿನ ರುಚಿ ಮೆಲುದನಿಯದು. ಲಟಾಕಿಯಾ ಸೇದಿ ಸೇದಿ ಅದರ ವಾಸನೆಯನ್ನೇ ಉಳಿಸಿಕೊಂಡಿರುವ ಬ್ರಯರ್ (ಗಿಡದ ಬೇರುಗಂಟಿನ ಮರ) ಪೈಪಿನಲ್ಲಿ ಇದನ್ನು ತುಂಬಿದರೆ ದನಿ ಕೇಳಿಸುವುದೇ ಇಲ್ಲ. ಮೀರ್ಶಮ್ (ಬಿಳಿಯ ಮೆದು ಖನಿಜ) ಅಥವಾ ಮಣ್ಣಿನ ಪೈಪಿಗೆ ಹಿಂದಿನ ವಾಸನೆಯ ಹಂಗು ಕಡಿಮೆ. ಅವು ಇಲ್ಲವಾದರೆ ಚೆನ್ನಾಗಿ ಶುಚಿಮಾಡಿ ಒಂದು ದಿನ ಆರಲು ಬಿಟ್ಟ, ಸಣ್ಣ ಬಟ್ಟಲಿನ ಬ್ರಯರ್ ಸಾಕು.

ಸೊಪ್ಪನ್ನು ಮೂರು ಪದರಗಳಲ್ಲಿ ತುಂಬಿ: ತಳದ್ದು ತಾನಾಗಿ ಬಿದ್ದಷ್ಟು ಸಡಿಲ, ನಡುವಿನದು ಮೆಲ್ಲಗೆ ಒತ್ತಿದ್ದು, ಮೇಲಿನದು ತುಸು ಬಿಗಿ. ಹಚ್ಚುವ ಮುನ್ನ ಒಮ್ಮೆ ಎಳೆದು ನೋಡಿ. ಉಸಿರು ಕಟ್ಟಿದಂತಾದರೆ ಸುರಿದು ಮತ್ತೆ ತುಂಬಿ. ಮರುತೇವ ಕೊಟ್ಟ ಎಲೆ ಬೆಂಕಿಗೆ ಹೆಚ್ಚು ಉಬ್ಬುತ್ತದೆ, ಹಾಗಾಗಿ ಎಂದಿಗಿಂತ ಸಡಿಲವಾಗಿಯೇ ಇರಲಿ. ಕಡ್ಡಿ ಗೀರಿ, ಗಂಧಕ ಉರಿದು ಹೋಗುವವರೆಗೆ ಕಾದು, ಮೇಲ್ಮೈಯನ್ನು ಸುತ್ತಲೂ ಸುಡಿ. ಆರಿದರೆ ಆರಲಿ. ಉಬ್ಬಿದ್ದನ್ನು ಸೊಪ್ಪು ಒತ್ತುವ ಪುಟ್ಟ ಸಾಧನವಾದ ಟ್ಯಾಂಪರ್‌ನಿಂದ ಸಮ ಮಾಡಿ ಎರಡನೆಯ ಸಲ ಹಚ್ಚಿ. ಹೊಗೆ ಶುರುವಾಗುವುದು ಈಗ. ಪೆಟ್ರೋಲ್ ಲೈಟರ್ ಬೇಡ, ಅದರ ವಾಸನೆ ಮೊದಲ ಹತ್ತು ದಮ್ಮಿನವರೆಗೆ ಹೋಗುವುದಿಲ್ಲ.

ನಾಲಿಗೆ ಉರಿಯುತ್ತಿದೆಯೇ? ತೇವ ಹೆಚ್ಚಾಗಿ ಹಬೆ ಬರುತ್ತಿದೆ, ಇಲ್ಲವೇ ನೀವು ಜೋರಾಗಿ ಎಳೆಯುತ್ತಿದ್ದೀರಿ. ಬಟ್ಟಲನ್ನು ಕೆನ್ನೆಗೆ ತಾಗಿಸಿದಾಗ ಸುಟ್ಟಂತಾದರೆ ಕೆಳಗಿಡಿ. ಒಳಗೆ ಗುಳುಗುಳು ಸದ್ದಾದರೆ ಪೈಪ್ ಕ್ಲೀನರನ್ನು ತೂರಿಸಿ ನೀರು ತೆಗೆಯಿರಿ. ಹೊಗೆಯನ್ನು ಬಾಯಲ್ಲಿ ಆಡಿಸಿ ಬಿಡಿ, ಎದೆಗೆ ಎಳೆದುಕೊಳ್ಳಬೇಡಿ. ಮೊದಲ ಪೈಪ್ ನೋಡಿ ತೀರ್ಪು ಕೊಡುವುದೂ ಬೇಡ. ಮೂರನೆಯದರ ಹೊತ್ತಿಗೆ ಅದೇ ಜಾಡಿ ಬೇರೆಯಾಗಿ ಕಂಡದ್ದು ಎಷ್ಟೋ ಸಲ.

ಇನ್ನೊಂದು ಮಾತು. ಹುಣಸೆ ಮರ ಮುಪ್ಪಾದರೆ ಹುಳಿ ಮುಪ್ಪೇ? ಮಾಗಿದ ತಂಬಾಕು ನಾಲಿಗೆಗೆ ಮೃದುವಾಗುತ್ತದೆ, ನಿಕೋಟಿನ್ ಮೃದುವಾಗುವುದಿಲ್ಲ. ಹಳೆಯ ಪ್ಲಗ್ ಮತ್ತು ಹಗ್ಗದಂತೆ ಹೊಸೆದ ತಂಬಾಕುಗಳು ಸಿಹಿಯಾಗಿಯೇ ಮೋಸ ಮಾಡುತ್ತವೆ. ಖಾಲಿ ಹೊಟ್ಟೆಯಲ್ಲಿ ಸೇದಿದರೆ ತಲೆಸುತ್ತು, ವಾಕರಿಕೆ ಖಂಡಿತ. ಹಾಗಾದರೆ ಪೈಪ್ ಕೆಳಗಿಟ್ಟು ಕುಳಿತುಕೊಳ್ಳಿ, ನೀರು ಕುಡಿಯಿರಿ. ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ಪೈಪಿಗೂ ಅಂಟಿಕೊಂಡೇ ಇದೆ, ಎದೆಗೆ ಎಳೆಯದಿದ್ದರೂ. ಅದಕ್ಕೇ ನನ್ನ ಲೆಕ್ಕದಲ್ಲಿ ಹಳೆಯ ತಂಬಾಕು ಅಪರೂಪಕ್ಕೊಮ್ಮೆಯದು, ದಿನದ್ದಲ್ಲ.

ಎಲ್ಲ ಮಾಡಿಯೂ ರುಚಿ ಬರದಿದ್ದರೆ

ಕೆಲವು ಡಬ್ಬಿಗಳು ತೀರಾ ಹೆಚ್ಚು ಕಾಲ ಒಣಗಿ ಬಿದ್ದಿರುತ್ತವೆ. ಹದ ಬಂದಿರುತ್ತದೆ, ಉರಿಯೂ ಚೆನ್ನಾಗಿರುತ್ತದೆ, ಆದರೆ ಬಾಯಲ್ಲಿ ಬರೀ ಬಿಸಿಗಾಳಿ. ಪರಿಮಳದ ಎಣ್ಣೆಗಳು ಹಾರಿಹೋಗಿವೆ. ನೀರು ಅವನ್ನು ಮರಳಿ ತರಲಾರದು. ಆಗ ನಾನು ಅದರ ಎರಡು ಪಾಲಿಗೆ ಎಳೆಯ ವರ್ಜೀನಿಯಾ ಒಂದು ಪಾಲು ಬೆರೆಸಿ, ಜಾಡಿಯಲ್ಲಿ ಒತ್ತಿ ತುಂಬಿ, ಎರಡು ತಿಂಗಳು ಅದರ ಕಡೆ ನೋಡುವುದಿಲ್ಲ. ತಳದಲ್ಲಿ ಉಳಿದ ಹೊಟ್ಟನ್ನು ಈ ಬೆರಕೆಗೆ ಸೇರಿಸುವುದಿಲ್ಲ, ಅದು ಪೈಪಿನ ಕೊಳವೆಗೆ ಅಡ್ಡಬೀಳುತ್ತದೆ. ಹೊಟ್ಟು ನೇರ ಕಸದ ಬುಟ್ಟಿಗೆ.